ಖಳನ ಮಾತನ್ನು ಮಗುವೇ ಬರೆಯಲಿ

ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಹೇಗೆ ತಯಾರಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಶಿಕ್ಷಕರು ಅಚ್ಚಾದ ನಾಟಕವೊಂದನ್ನು ಆರಿಸುತ್ತಾರೆ, ಇಲ್ಲವೇ ತಾವೇ ಬರೆಯುತ್ತಾರೆ. ಪಾತ್ರ ಹಂಚುತ್ತಾರೆ, ಮಕ್ಕಳು ಮಾತು ಬಾಯಿಪಾಠ ಮಾಡುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಕೈ ಎತ್ತಬೇಕು ಎಂಬುದೂ ಮೊದಲೇ ಗೊತ್ತಾಗಿರುತ್ತದೆ. ಪ್ರತಿಭಾ ಕಾರಂಜಿಯ ಕಂಠಪಾಠ, ಛದ್ಮವೇಷ, ಅಭಿನಯ ಗೀತೆಗಳಲ್ಲೂ ಪ್ರೌಢಶಾಲೆಗಳ ವಿಜ್ಞಾನ ನಾಟಕ ಸ್ಪರ್ಧೆಯಲ್ಲೂ ಬಹುಮಟ್ಟಿಗೆ ಇದೇ ಕ್ರಮ. ಇದಕ್ಕಾಗಿ ದುಡಿಯುವ ಶಿಕ್ಷಕರ ಶ್ರದ್ಧೆ ದೊಡ್ಡದು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ನಾಟಕಗಳ ಸಂಪತ್ತೂ ಸಣ್ಣದಲ್ಲ: ಕುವೆಂಪು ಅವರ ‘ನನ್ನ ಗೋಪಾಲ’, ‘ಮೋಡಣ್ಣನ ತಮ್ಮ’ದಿಂದ ಹಿಡಿದು ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’ದವರೆಗೆ ಅದು ಹಬ್ಬಿದೆ. ಆದರೆ ಈ ಇಡೀ ಏರ್ಪಾಟಿನಲ್ಲಿ ಒಂದು ಕೆಲಸ ಮಾತ್ರ ಮಗುವಿನ ಪಾಲಿಗೆ ಬರುವುದೇ ಇಲ್ಲ. ಈ ಪಾತ್ರ ಈಗ ಏನು ಹೇಳಬೇಕು, ಯಾಕೆ ಹೇಳಬೇಕು ಎಂದು ತೀರ್ಮಾನಿಸುವ ಕೆಲಸ ಅದು. ಮಕ್ಕಳು ತಮ್ಮ ನಾಟಕವನ್ನು ತಾವೇ ಬರೆದು ಆಡಲು ನಾವು ನೆರವಾಗಬೇಕು ಎಂದು ನಾನು ವಾದಿಸುತ್ತಿರುವುದು ಈ ಒಂದು ಕೆಲಸದ ಸಲುವಾಗಿ. ಸಭಾಕಂಪನ ಹೋಗುತ್ತದೆ, ಉಚ್ಚಾರ ಸ್ಪಷ್ಟವಾಗುತ್ತದೆ ಎಂಬಂಥ ಲಾಭಗಳು ಬಾಯಿಪಾಠದ ನಾಟಕದಿಂದಲೂ ಬಂದಾವು. ಬರೆದರೆ ಮಾತ್ರ ಸಿಗುವ ಲಾಭ ಬೇರೆ ಇದೆ.

ಶಾಲೆಯಲ್ಲಿ ಮಗು ಬರೆಯುವ ಉಳಿದ ಬರಹಗಳಲ್ಲಿ ಸಾಮಾನ್ಯವಾಗಿ ಮಾತಾಡುವುದು ಒಂದೇ ದನಿ. ಪರಿಸರ ಸಂರಕ್ಷಣೆಯ ಪ್ರಬಂಧದಲ್ಲಿ ಮರ ಕಡಿಯುವವನು ಕೆಟ್ಟವನು, ಅವನಿಗೆ ಅಲ್ಲಿ ಬಾಯಿಲ್ಲ. ನಾಟಕದಲ್ಲಿ ಅವನು ರಂಗಕ್ಕೆ ಬರಬೇಕು, ಬಂದಮೇಲೆ ಏನಾದರೂ ಹೇಳಲೇಬೇಕು. ಆರನೆಯ ತರಗತಿಯ ಮಕ್ಕಳು ಊರಿನ ಆಟದ ಬಯಲಿನ ಮೇಲೆ ನಾಟಕ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಒಡೆಯ ಬಯಲನ್ನು ಸೈಟು ಮಾಡಿ ಮಾರಲು ಹೊರಟಿದ್ದಾನೆ. ಮೊದಲ ಸಲ ಆಡಿದಾಗ ಅವನು ಮೀಸೆ ತಿರುವುತ್ತಾನೆ, ಗಹಗಹಿಸಿ ನಗುತ್ತಾನೆ, ಕೊನೆಗೆ ಮಕ್ಕಳ ಒಂದು ಭಾಷಣಕ್ಕೆ ಕರಗಿ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. ಆಗ ಜೊತೆಗಿರುವ ಶಿಕ್ಷಕಿ ಒಂದೇ ಪ್ರಶ್ನೆ ಕೇಳುತ್ತಾರೆ: ಇಷ್ಟು ವರ್ಷ ಮಾರದೆ ಇದ್ದವನು ಈ ವರ್ಷವೇ ಯಾಕೆ ಮಾರುತ್ತಿದ್ದಾನೆ? ಒಡೆಯನ ಪಾತ್ರದ ಹುಡುಗ ಈಗ ಯೋಚಿಸಬೇಕು. ಮಗಳ ಮದುವೆಯೋ, ಬ್ಯಾಂಕಿನ ಸಾಲವೋ, ಬತ್ತಿಹೋದ ಬೋರ್‌ವೆಲ್ಲೋ, ಏನಾದರೊಂದು ಕಾರಣ ಹುಟ್ಟುತ್ತದೆ. ಕಾರಣ ಹುಟ್ಟಿದ್ದೇ ತಡ, ನಾಟಕ ಕಷ್ಟವಾಗುತ್ತದೆ. ಮೊದಲಿನ ಭಾಷಣ ಸಾಲದು, ಅವನ ಸಾಲಕ್ಕೆ ಏನಾದರೂ ಉತ್ತರ ಕೊಡದೆ ಬಯಲನ್ನು ಕೇಳುವಂತಿಲ್ಲ. ತನಗೆ ಆಗದವನ ಕಾರಣವನ್ನು ಅವನ ಬಾಯಿಂದಲೇ, ಸಾಧ್ಯವಾದಷ್ಟು ಚೆನ್ನಾಗಿ ಹೇಳಿಸಬೇಕಾದ ಒತ್ತಡ ನಾಟಕ ಬರೆಯುವಾಗ ಬರುವಷ್ಟು ನೇರವಾಗಿ ಬೇರೆಲ್ಲೂ ಬರುವುದಿಲ್ಲ. ಒಬ್ಬರನ್ನು ಅರ್ಥ ಮಾಡಿಕೊಳ್ಳಲು ಅವರನ್ನು ಒಪ್ಪಲೇಬೇಕಾಗಿಲ್ಲ ಎಂಬುದು ನೀತಿಪಾಠ ಕೇಳಿ ತಿಳಿಯುವ ವಿಷಯವಲ್ಲ. ಇಲ್ಲಿ ಅದನ್ನು ಮಗು ಕೈಯಾರೆ ಮಾಡಿ ನೋಡುತ್ತದೆ.

ಇದು ಹೊರಗಿನಿಂದ ತಂದ ಆಲೋಚನೆ ಎನ್ನುವವರು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯ ಕಡೆ ನೋಡಬೇಕು. ಪ್ರಸಂಗದಲ್ಲಿ ಇರುವುದು ಪದ್ಯ. ಭಾಗವತರು ಹಾಡಿದ ಮೇಲೆ ಅರ್ಥಧಾರಿ ಆಡುವ ಮಾತು ಆತನದು, ಆ ಕೂಟದ್ದು. ‘ವಾಲಿವಧೆ’ಯಲ್ಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಘಳಿಗೆಗೆ ಸಭೆ ಕಾದು ಕೂತಿರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಕೀರ್ತಿಯಲ್ಲಿ ದೊಡ್ಡ ಪಾಲು ವಾಲಿ, ರಾವಣ, ಕೌರವರಂಥ ಪಾತ್ರಗಳಿಗೆ ಅವರು ಕಟ್ಟಿಕೊಟ್ಟ ಸಮರ್ಥನೆಯಿಂದ ಬಂದದ್ದು. ಪಂಪ ಕರ್ಣನಿಗೂ ರನ್ನ ದುರ್ಯೋಧನನಿಗೂ ಕೊಟ್ಟ ಘನತೆ ಇದರ ಹಿಂದಿನ ಕೊಂಡಿ. ಎದುರು ಪಕ್ಷದ ವಾದವನ್ನು ಸಮರ್ಥವಾಗಿ ಹೇಳಬಲ್ಲವರನ್ನು ಇಷ್ಟು ಗೌರವಿಸಿದ ನಾಡಿನಲ್ಲಿ, ಮಕ್ಕಳಿಗೆ ಯಕ್ಷಗಾನ ಕಲಿಸುವಾಗ ಮಾತ್ರ ಅರ್ಥವನ್ನು ಬರೆದುಕೊಟ್ಟು ಉರು ಹೊಡೆಸುವುದು ಸಾಮಾನ್ಯ ರೂಢಿ. ಹೆಜ್ಜೆ, ತಾಳ ಗಟ್ಟಿಯಾಗುವವರೆಗೆ ಅದಕ್ಕೆ ಕಾರಣವಿದೆ. ಆಮೇಲೂ ಹಾಗೆಯೇ ಮುಂದುವರಿದರೆ ಆ ಕಲೆಯ ಜೀವಾಳವನ್ನೇ ಮಗುವಿನಿಂದ ದೂರ ಇಟ್ಟಂತೆ. ಒಂದೇ ಪದ್ಯಕ್ಕೆ ಇಬ್ಬರು ಮಕ್ಕಳು ಎರಡು ಬಗೆಯ ಅರ್ಥ ಹೇಳಿ, ಯಾವುದು ಪಾತ್ರಕ್ಕೆ ಒಪ್ಪುತ್ತದೆ ಎಂದು ತಮ್ಮೊಳಗೇ ಚರ್ಚಿಸುವಂತಾದರೆ ಅದು ಅತ್ಯುತ್ತಮ ನಾಟಕ ರಚನಾ ಶಿಬಿರ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ 1930ರಲ್ಲಿ ಬಾಲ್ಯದ ಕಲ್ಪನೆ ಮತ್ತು ಸೃಜನಶೀಲತೆಯ ಕುರಿತು ಬರೆದ ಪುಟ್ಟ ಪುಸ್ತಕದಲ್ಲಿ ಮಕ್ಕಳ ನಾಟಕಕ್ಕೆಂದೇ ಒಂದು ಅಧ್ಯಾಯವಿದೆ. ದೊಡ್ಡವರ ಸಿದ್ಧ ಮಾತುಗಳನ್ನು ಒಪ್ಪಿಸುವುದಕ್ಕಿಂತ ಮಕ್ಕಳೇ ರಚಿಸಿದ ಅಥವಾ ಆಡುತ್ತಾಡುತ್ತ ಕಟ್ಟಿದ ನಾಟಕ, ಎಷ್ಟೇ ಒರಟಾಗಿದ್ದರೂ, ಅವರ ಮನಸ್ಸಿಗೆ ಹತ್ತಿರ ಎಂಬುದು ಅವರ ನಿಲುವು. ಫಲಕ್ಕಿಂತ ಕಟ್ಟುವ ಕ್ರಿಯೆಯೇ ಮುಖ್ಯ ಎಂದೂ ಅವರು ಹೇಳುತ್ತಾರೆ. ಇಂಗ್ಲೆಂಡಿನ ಪೀಟರ್ ಸ್ಲೇಡ್ 1954ರ ‘ಚೈಲ್ಡ್ ಡ್ರಾಮಾ’ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಚಿಕ್ಕ ಮಕ್ಕಳನ್ನು ಪ್ರೇಕ್ಷಕರ ಮುಂದಿನ ಔಪಚಾರಿಕ ರಂಗಕ್ಕೆ ಹತ್ತಿಸುವುದನ್ನೇ ವಿರೋಧಿಸಿದರು. ಐದಾರು ವರ್ಷದವರ ಮಟ್ಟಿಗೆ ಸ್ಲೇಡ್ ಹೇಳಿದ್ದು ಸರಿಯೆಂದೇ ನನಗೆ ತೋರುತ್ತದೆ. ಆದರೆ ಹತ್ತು ಹನ್ನೆರಡು ವಯಸ್ಸಿನವರಿಗೆ ತಮ್ಮ ನಾಟಕ ಚೆನ್ನಾಗಿ ಬರಬೇಕೆಂಬ ಹಟ ಇರುತ್ತದೆ, ಅದು ದೊಡ್ಡವರು ಹೇರಿದ್ದಲ್ಲ. ಅಂಥವರಿಗೆ ‘ನೀವು ಏನು ಮಾಡಿದರೂ ಚಂದ’ ಎಂದುಬಿಡುವುದು ಅವರ ಕೆಲಸವನ್ನು ಹಗುರಾಗಿ ಕಂಡಂತೆ. ನ್ಯೂಯಾರ್ಕಿನಲ್ಲಿ 1981ರಲ್ಲಿ ವಿಲ್ಲಿ ರೀಲ್ ಆರಂಭಿಸಿದ ‘52ನೇ ಸ್ಟ್ರೀಟ್ ಪ್ರಾಜೆಕ್ಟ್’ನಲ್ಲಿ ಮಕ್ಕಳು ಬರೆದ ನಾಟಕಗಳನ್ನು ವೃತ್ತಿಪರ ನಟರು ಅಭಿನಯಿಸುತ್ತಾರೆ. ತಾನು ಬರೆದ ಸಾಲನ್ನು ನುರಿತ ನಟ ಗಂಭೀರವಾಗಿ ಆಡುವಾಗ ಅದರ ಬಲವೂ ಕೊರತೆಯೂ ಬರೆದ ಮಗುವಿಗೆ ತಾನಾಗಿ ಕೇಳಿಸುತ್ತವೆ. ಬರೆದವರೇ ಆಡುವ ಸುಖ ಅಲ್ಲಿಲ್ಲ ನಿಜ, ಆದರೆ ಮಗುವಿನ ಬರಹಕ್ಕೆ ಸಲ್ಲಬೇಕಾದ ಮರ್ಯಾದೆ ಯಾವ ಬಗೆಯದು ಎಂಬುದನ್ನು ಅದು ತೋರಿಸುತ್ತದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಪ್ರಶ್ನೆ ಕೇಳಿದ್ದು ಶಿಕ್ಷಕಿ, ಆ ಪ್ರಶ್ನೆಯಿಂದಲೇ ನಾಟಕ ತಿರುಗಿತು. ಹಾಗಿದ್ದಮೇಲೆ ಅದನ್ನು ಮಕ್ಕಳ ನಾಟಕ ಎನ್ನುವುದು ಹೇಗೆ? ದೊಡ್ಡವರ ನೆರಳು ಬೀಳದ ಮಗುವಿನ ಕೃತಿ ಎಂಬುದು ಇಲ್ಲವೇ ಇಲ್ಲ, ಆದ್ದರಿಂದ ಒಳ್ಳೆಯ ಪಠ್ಯ ಕೊಟ್ಟು ಆಡಿಸುವುದೇ ಪ್ರಾಮಾಣಿಕ ದಾರಿ ಎಂದು ಈ ವಾದ ಮುಂದುವರಿಯುತ್ತದೆ. ಇದರ ಮೊದಲರ್ಧ ನಿಜ. ಆದರೆ ಯಾರ ಪ್ರಭಾವವೂ ಇಲ್ಲದ ಕೃತಿ ದೊಡ್ಡವರಿಗೂ ಸಾಧ್ಯವಿಲ್ಲ. ಸಂಪಾದಕರ, ನಟರ, ಗೆಳೆಯರ ಮಾತು ಕೇಳಿ ತಿದ್ದಿದ ನಾಟಕವನ್ನು ನಾಟಕಕಾರರದ್ದು ಎಂದೇ ಕರೆಯುತ್ತೇವೆ. ಯಾಕೆಂದರೆ ಕೊನೆಯ ತೀರ್ಮಾನ ಅವರದು, ಅದಕ್ಕೆ ಉತ್ತರ ಹೇಳಬೇಕಾದವರೂ ಅವರೇ. ಮಕ್ಕಳ ವಿಷಯದಲ್ಲೂ ಇದೇ ಅಳತೆ ಸಾಕು. ಒಡೆಯ ಯಾಕೆ ಮಾರುತ್ತಿದ್ದಾನೆ ಎಂದು ಕೇಳುವುದು ನೆರವು. ‘ಅವನಿಗೆ ಸಾಲ ಇದೆ ಅಂತ ಹಾಕಿ’ ಎನ್ನುವುದು ಕಸಿದುಕೊಳ್ಳುವುದು. ಚಿಕ್ಕವರು ಆಡುತ್ತ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುವುದು ನೆರವು, ಬರೆಯುವಾಗ ‘ಸರಿಪಡಿಸುವುದು’ ಕಸಿಯುವುದು. ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ ಇದಕ್ಕೊಂದು ಉಪಾಯ ಬೆಳೆಸಿದರು: ಶಿಕ್ಷಕರೇ ಒಂದು ಪಾತ್ರವಾಗಿ ಕಥೆಯೊಳಗೆ ಬಂದು ತೊಡಕು ಒಡ್ಡುವುದು. ಮೇಷ್ಟರ ಸಲಹೆಯನ್ನು ಮಗು ತಳ್ಳಿಹಾಕುವುದು ಕಷ್ಟ. ಆದರೆ ಮೇಷ್ಟರು ಸರ್ವೆ ಮಾಡಲು ಬಂದ ಅಧಿಕಾರಿಯಾಗಿ ನಿಂತಾಗ ಅವರ ಜೊತೆ ಜಗಳವಾಡಬಹುದು, ಅವರನ್ನು ಸೋಲಿಸಲೂಬಹುದು. ನೆರವು ಸರಿಯಾಗಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೂ ಇದೆ. ಈ ಮಾತು ಯಾಕಿದೆ ಎಂದು ಯಾವ ಮಗುವನ್ನಾದರೂ ಕೇಳಿದರೆ, ‘ಮಿಸ್ ಹೇಳಿದರು’ ಎಂಬುದು ಉತ್ತರವಾಗಿರಬಾರದು.

ಬಿಟ್ಟರೆ ಮಕ್ಕಳು ಸಿನಿಮಾ, ಧಾರಾವಾಹಿ, ರೀಲ್ಸ್‌ಗಳಲ್ಲಿ ಕಂಡದ್ದನ್ನೇ ಮಾಡುತ್ತಾರೆ, ಹೊಡೆದಾಟ ಬೈಗುಳ ತುಂಬುತ್ತಾರೆ ಎಂಬ ಆತಂಕ ಹಲವರದು. ಹೌದು, ಮೊದಲ ಕರಡಿನಲ್ಲಿ ಅವೇ ಬರುತ್ತವೆ. ಅನುಕರಣೆಯಿಂದ ಆರಂಭಿಸದ ಬರಹಗಾರರಾದರೂ ಯಾರಿದ್ದಾರೆ? ಇಲ್ಲಿ ನೆನೆಯಬೇಕಾದ್ದು ಲಾಟ್ವಿಯಾದ ರಂಗನಿರ್ದೇಶಕಿ ಆಸ್ಯಾ ಲಾತ್ಸಿಸ್ ಅವರ ಅನುಭವ. ಅಂತರ್ಯುದ್ಧದ ರಷ್ಯಾದ ಓರ್ಯೋಲ್ ನಗರದಲ್ಲಿ, 1918ರ ಸುಮಾರಿಗೆ, ಅವರು ಅನಾಥ ಮಕ್ಕಳೊಡನೆ ನಾಟಕ ಕಟ್ಟುತ್ತಿದ್ದರು. ಮಕ್ಕಳು ದರೋಡೆಕೋರರ ದೃಶ್ಯವನ್ನು ಆಶುವಾಗಿ ಆಡುತ್ತಿದ್ದಾಗ ಬೀದಿಯಲ್ಲಿ ಗುಂಪುಕಟ್ಟಿಕೊಂಡು ಬದುಕುತ್ತಿದ್ದ ಹುಡುಗರು ಒಳನುಗ್ಗಿ, ಸ್ವಲ್ಪ ಹೊತ್ತು ನೋಡಿ, ಆಡುತ್ತಿದ್ದವರನ್ನು ಪಕ್ಕಕ್ಕೆ ಸರಿಸಿ ತಾವೇ ಆ ದೃಶ್ಯವನ್ನು ಆಡಿದರು. ಕೊಂದದ್ದು, ಬೆಂಕಿ ಇಟ್ಟದ್ದು ಎಂದೆಲ್ಲ ಕೊಚ್ಚಿಕೊಂಡರು. ಶಿಕ್ಷಣಶಾಸ್ತ್ರದ ನಿಯಮದಂತೆ ಲಾತ್ಸಿಸ್ ಅದನ್ನು ತಡೆಯಬೇಕಿತ್ತು, ತಡೆಯಲಿಲ್ಲ. ಆ ಹುಡುಗರು ಮತ್ತೆ ಬಂದರು, ಆ ರಂಗದವರೇ ಆದರು. ಜರ್ಮನ್ ಚಿಂತಕ ವಾಲ್ಟರ್ ಬೆನ್ಯಾಮಿನ್ ಮಕ್ಕಳ ರಂಗಭೂಮಿಯ ಬಗ್ಗೆ ಬರೆದ ಪ್ರಸಿದ್ಧ ಬರಹಕ್ಕೆ ಈ ಕೆಲಸವೇ ಪ್ರೇರಣೆ. ಹಿಂಸೆಯ ಮಾತನ್ನು ಮೊದಲೇ ಕತ್ತರಿಸಿದ್ದರೆ ಅದು ಬೀದಿಯಲ್ಲಿ ಹಾಗೆಯೇ ಉಳಿಯುತ್ತಿತ್ತು. ರಂಗಕ್ಕೆ ಬಂದದ್ದರಿಂದ ಅದಕ್ಕೆ ಎದುರುಮಾತು ಹುಟ್ಟುವ ಅವಕಾಶ ಸಿಕ್ಕಿತು. ನಮ್ಮ ಮಕ್ಕಳ ಸಿನಿಮಾ ಹೊಡೆದಾಟಕ್ಕೂ ಅದೇ ಮದ್ದು: ಪೆಟ್ಟು ತಿಂದವನು ಮುಂದಿನ ದೃಶ್ಯದಲ್ಲಿ ಮನೆಗೆ ಹೋಗಿ ಅವ್ವನಿಗೆ ಏನು ಹೇಳುತ್ತಾನೆ ಎಂದು ಕೇಳಬೇಕು.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಪಠ್ಯದ ಕನ್ನಡ ಮನೆಯ ಮಾತಾಗಿರುವ ಮಕ್ಕಳು ನಮ್ಮ ರಾಜ್ಯದಲ್ಲಿ ಬಹಳ ಕಡಿಮೆ. ಧಾರವಾಡದ, ಕುಂದಾಪುರದ, ಚಾಮರಾಜನಗರದ ಕನ್ನಡಗಳಿವೆ. ತುಳು, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದು ಇವೆ. ಪ್ರಬಂಧ ಬರೆಯುವಾಗ ಆ ಮಾತನ್ನು ಮಗು ಹೊಸ್ತಿಲಲ್ಲಿ ಬಿಟ್ಟು ಬರಬೇಕಾಗುತ್ತದೆ. ನಾಟಕದಲ್ಲಿ ಅಜ್ಜಿ ಅಜ್ಜಿಯ ಹಾಗೆಯೇ ಮಾತಾಡಬೇಕು, ಇಲ್ಲದಿದ್ದರೆ ಅವಳು ಅಜ್ಜಿಯೇ ಅಲ್ಲ. ಹಾಗಾದರೆ ಮಕ್ಕಳ ‘ಶುದ್ಧ ಕನ್ನಡ’ ಕೆಟ್ಟೀತೆಂದು ಹೆದರುವವರು ನಮ್ಮ ರಂಗಭೂಮಿಯ ಇತಿಹಾಸ ನೋಡಲಿ. ಕೈಲಾಸಂ ಹಳೆಯ ಮೈಸೂರಿನ ಮಧ್ಯಮವರ್ಗದ ಮನೆಗಳ ಇಂಗ್ಲಿಷ್ ಬೆರೆತ ಮಾತನ್ನು ರಂಗಕ್ಕೆ ತಂದರು. ಕಂಬಾರರು ‘ಜೋಕುಮಾರಸ್ವಾಮಿ’ಗೆ ಉತ್ತರ ಕರ್ನಾಟಕದ ಹಳ್ಳಿಯ ಮಾತು ಕೊಟ್ಟರು. ಕನ್ನಡ ಅದರಿಂದ ಬೆಳೆಯಿತು. ತಹಶೀಲ್ದಾರನ ಮಾತಿಗೂ ದನ ಕಾಯುವವಳ ಮಾತಿಗೂ ವ್ಯತ್ಯಾಸ ಮಾಡಿ ಬರೆಯಬಲ್ಲ ಮಗುವಿಗೆ ಭಾಷೆಯ ಅರಿವು ಹೆಚ್ಚಿರುತ್ತದೆಯೇ ಹೊರತು ಕಡಿಮೆಯಲ್ಲ.

ನನ್ನ ವಾದಕ್ಕೆ ಅತ್ಯಂತ ಭಾರವಾದ ಎದುರುಮಾತು ವಾರ್ಸಾದಿಂದ ಬರುತ್ತದೆ. 1942ರ ಜುಲೈ 18ರಂದು, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದ ಒಳಗೆ, ಯಾನುಶ್ ಕೊರ್ಚಾಕ್ ಅವರ ಅನಾಥಾಲಯದ ಮಕ್ಕಳು ಟಾಗೋರರ ‘ಡಾಕ್‌ಘರ್’ ಆಡಿದರು. ಕೋಣೆಯಿಂದ ಹೊರಬರಲಾಗದೆ ಸಾವಿನ ಹತ್ತಿರ ಕೂತ ಹುಡುಗನ ಕಥೆ ಅದು. ಕೆಲವೇ ವಾರಗಳಲ್ಲಿ ಆ ಮಕ್ಕಳನ್ನೂ ಕೊರ್ಚಾಕರನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಆ ಮಕ್ಕಳು ತಮ್ಮದೇ ನಾಟಕ ಬರೆಯಬೇಕಿತ್ತು ಎಂದು ಯಾರೂ ಹೇಳಲಾರರು. ದೊಡ್ಡ ಕೃತಿ ಮಗುವಿಗೆ ಕೊಡುವುದನ್ನು ಮಗು ತಾನೇ ಹುಟ್ಟಿಸಿಕೊಳ್ಳಲಾಗದು, ಇದನ್ನು ತಲೆಬಾಗಿ ಒಪ್ಪುತ್ತೇನೆ. ಆದರೆ ಅದೇ ಕೊರ್ಚಾಕ್ ತಮ್ಮ ಅನಾಥಾಲಯದಲ್ಲಿ ಮಕ್ಕಳೇ ನ್ಯಾಯಾಧೀಶರಾಗಿರುವ ನ್ಯಾಯಾಲಯ ನಡೆಸಿದ್ದರು. 1926ರಲ್ಲಿ ಮಕ್ಕಳೇ ಬರೆಯುವ ‘ಮಾವಿ ಪ್ಶೆಗ್ಲೋಂದ್’ ಎಂಬ ಪತ್ರಿಕೆ ಆರಂಭಿಸಿದ್ದರು. ತೀರ್ಮಾನಿಸುವ, ಬರೆಯುವ ಅಭ್ಯಾಸವನ್ನು ಕೊಟ್ಟ ಕೈಯೇ ಮಹಾಕೃತಿಯನ್ನೂ ಕೊಟ್ಟಿತು. ನಾಟಕ ಬರೆದು ಗೊತ್ತಿರುವ ಮಗು ಟಾಗೋರರನ್ನೋ ವೈದೇಹಿಯವರನ್ನೋ ಆಡುವಾಗ, ಈ ಮಾತು ಇಲ್ಲಿ ಯಾಕೆ ಬಂತು ಎಂದು ಕೇಳುವ ಅರ್ಹತೆಯಿಂದ ಆಡುತ್ತದೆ.

ಪರೀಕ್ಷೆಯ ನಡುವೆ ಸಮಯವೆಲ್ಲಿ ಎಂಬ ಪ್ರಶ್ನೆಗೆ ಹೆಚ್ಚು ಹೇಳಬೇಕಿಲ್ಲ. ಬಾಯಿಪಾಠ ಮಾಡಿಸಲು ಹಿಡಿಯುವ ದಿನಗಳನ್ನೇ ಇದಕ್ಕೆ ಬಳಸಬಹುದು. ಕಷ್ಟವಿರುವುದು ಜನರ ಕೊರತೆಯಲ್ಲಿ. ಕರ್ನಾಟಕ ತನ್ನ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತು. ಆ ಒಳ್ಳೆಯ ಹೆಜ್ಜೆ ಇನ್ನೂ ಬಹಳ ಶಾಲೆಗಳನ್ನು ತಲುಪಬೇಕಾಗಿದೆ.

ನಿಜವಾಗಿ ಇಕ್ಕಟ್ಟಿನ ಪ್ರಶ್ನೆ ಬೇರೆಯೇ ಇದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಇರಬೇಕು ಎನ್ನುತ್ತದೆ ಅದರ 12ನೇ ವಿಧಿ. ನಮ್ಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆ ಅದೇ ಆಶಯದ್ದು. ಅಲ್ಲಿ ಮಗು ಶೌಚಾಲಯ ಕೇಳಬಹುದು, ಬಸ್ಸು ಕೇಳಬಹುದು. ಅರ್ಜಿಯ ರೂಪಕ್ಕೆ ಬಾರದ ಸಂಗತಿಗಳು ನಾಟಕಕ್ಕೆ ಬರುತ್ತವೆ: ಕುಡಿದು ಬರುವ ಅಪ್ಪ, ಓದು ಬಿಡಿಸಿ ಮದುವೆ ಮಾಡಲು ಹೊರಟ ಮನೆ, ಹೊಡೆಯುವ ಮೇಷ್ಟರು, ಜಾತಿಯ ಕಾರಣಕ್ಕೆ ದೂರ ಕೂರಿಸುವ ಊಟದ ಸಾಲು. ಊರವರೆದುರು ಅದನ್ನು ಆಡಿದರೆ ಆ ಮಗುವಿಗೆ ಮನೆಯಲ್ಲಿ ಏನಾದೀತು ಎಂಬುದನ್ನು ಯೋಚಿಸಬೇಕಾದವರು ದೊಡ್ಡವರು. ಇದೊಂದು ಜಾಗದಲ್ಲಿ ತೀರ್ಮಾನವನ್ನು ಪೂರ್ತಿ ಮಕ್ಕಳಿಗೆ ಬಿಡುವಂತಿಲ್ಲ. ಆದರೆ ಆಗ ನಾವು ಬದಲಿಸಬೇಕಾದ್ದು ಕಥೆಯನ್ನಲ್ಲ, ನೋಡುವವರನ್ನು. ಆ ನಾಟಕವನ್ನು ತರಗತಿಯ ಬಾಗಿಲು ಮುಚ್ಚಿ ಮಕ್ಕಳ ಮುಂದಷ್ಟೇ ಆಡಬಹುದು, ಹೆಸರು, ಊರು, ಕಸುಬು ಬದಲಿಸಿ ಯಾರ ಮನೆಯೆಂದು ಗುರುತು ಸಿಗದಂತೆ ಮಾಡಬಹುದು, ಆಡದೆ ಬರೆದು ಓದಿ ಎತ್ತಿಡಲೂಬಹುದು. ನಿಜವಾಗಿ ಪೆಟ್ಟು ತಿನ್ನುತ್ತಿರುವ ಮಗುವಾದರೆ ನಾಟಕವನ್ನು ಬದಿಗಿಟ್ಟು, ಆ ಮಗುವಿನ ರಕ್ಷಣೆಗೆ ಮಾಡಬೇಕಾದ್ದನ್ನು ಮೊದಲು ಮಾಡಬೇಕು. ಇಷ್ಟನ್ನೂ ಮಾಡಿದ ಮೇಲೆ, ಕುಡಿದು ಬರುವ ಅಪ್ಪನ ಮಾತುಗಳನ್ನು ಬರೆಯಲು ಆ ತರಗತಿಯ ಮಕ್ಕಳು ಕೂತಾಗ, ಅವನು ಏನು ಹೇಳುತ್ತಾನೆಂದು ನಾವು ಹೇಳಿಕೊಡಬಾರದು.