ಕೆಸರಲ್ಲಿ ನಿಂತ ಬಿಲ್ಲೆ

1965ರ ಮಾರ್ಚ್ 24. ಹಾಲೆಂಡಿನ ರೋಟರ್‌ಡ್ಯಾಮ್. ಯುರೋಪಿಯನ್ ಕಪ್ ಫುಟ್‌ಬಾಲ್‌ನ ಎಂಟರ ಘಟ್ಟದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ಮೂರನೇ ಸಲ ಎದುರಾಗಿದ್ದವು. ಕಲೋನ್‌ನಲ್ಲಿ ಆಡಿದಾಗ ಗೋಲಿಲ್ಲದ ಡ್ರಾ. ಲಿವರ್‌ಪೂಲ್‌ನಲ್ಲಿ ಆಡಿದಾಗಲೂ ಅದೇ. ಇಬ್ಬರದೂ ಅಲ್ಲದ ಈ ಮೂರನೇ ಊರಿನಲ್ಲಿ ಹೆಚ್ಚುವರಿ ಸಮಯವನ್ನೂ ಸೇರಿಸಿ ಆಡಿ ಮುಗಿಸಿದಾಗ 2–2. ಕಲೋನ್‌ನ ವುಲ್ಫ್‌ಗಾಂಗ್ ವೆಬರ್ ಕಾಲಿನ ಮೂಳೆ ಮುರಿದಿದ್ದರೂ ಮೈದಾನ ಬಿಟ್ಟಿರಲಿಲ್ಲ. ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ ಆಗ. ಒಟ್ಟು ಮುನ್ನೂರು ನಿಮಿಷ ಆಡಿದರೂ ಇತ್ಯರ್ಥವಾಗದ್ದನ್ನು ಕಡೆಗೆ ಒಂದು ಬಿಲ್ಲೆಯ ಪಾಲಿಗೆ ಬಿಟ್ಟರು. ಅದರ ಒಂದು ಮುಖ ಕೆಂಪು, ಇನ್ನೊಂದು ಬಿಳಿ. ರೆಫರಿ ಮೇಲಕ್ಕೆ ಚಿಮ್ಮಿದರು. ಬಿಲ್ಲೆ ಕೆಳಗೆ ಬಂತು, ಕೆಸರಿಗೆ ಕಚ್ಚಿಕೊಂಡಿತು, ನೆಟ್ಟಗೆ ನಿಂತುಬಿಟ್ಟಿತು. ಕೆಂಪೂ ಇಲ್ಲ, ಬಿಳಿಯೂ ಇಲ್ಲ.

ಇನ್ನೊಮ್ಮೆ ಚಿಮ್ಮಿದರು. ಕೆಂಪು ಬಿತ್ತು. ಲಿವರ್‌ಪೂಲ್ ಸೆಮಿಫೈನಲ್‌ಗೆ ಹೋಯಿತು, ಕಲೋನ್ ಮನೆಗೆ ಹೋಯಿತು.

ಈ ಕಥೆಯನ್ನು ಗೆಳೆಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಯಾರು ಗೆದ್ದರೆಂದು ನನಗೂ ಗೊತ್ತು, ಅವರಲ್ಲಿ ಅರ್ಧ ಜನಕ್ಕೂ ಗೊತ್ತು. ಆದರೂ ಬಿಲ್ಲೆ ನಿಲ್ಲುವ ಜಾಗಕ್ಕೆ ಬಂದಾಗ ನನ್ನ ಮಾತು ತಾನಾಗಿ ಒಂದು ಗಳಿಗೆ ತಡೆಯುತ್ತದೆ.

ಕನ್ನಡದಲ್ಲಿ ಅಚ್ಚರಿ ಅನ್ನುವ ಮಾತಿದೆ, ಬೆರಗು ಅನ್ನುವ ಮಾತೂ ಇದೆ. ನಿಘಂಟು ಎರಡನ್ನೂ ಅಕ್ಕಪಕ್ಕ ಕೂರಿಸೀತು. ನಾಲಿಗೆ ಮಾತ್ರ ಬೇರೆ ಬೇರೆ ಮಾಡುತ್ತದೆ. ನಾವು ಅಚ್ಚರಿ ಪಡುತ್ತೇವೆ, ಆದರೆ ಬೆರಗಾಗುತ್ತೇವೆ. ಒಂದನ್ನು ಪಟ್ಟು ಬಿಡಬಹುದು, ಇನ್ನೊಂದು ನಾವೇ ಆಗಿಬಿಡುವಂಥದ್ದು. ಅಚ್ಚರಿಗೆ ತಿಳಿಯದೆ ಇರುವುದು ಬೇಕು. ತಿಳಿದ ಮೇಲೆ ಕಾವು ಇಳಿದ ಹಾಲಿನಂತೆ ಅದು ಕೆಳಗೆ ಕೂರುತ್ತದೆ. ಬೆರಗು ತಿಳಿದ ಮೇಲೂ ಕೂರುವುದಿಲ್ಲ. ಇದು ನನಗೆ ಹೊಳೆದದ್ದು ಒಂದು ನಿದ್ದೆಯಿಂದ.

ಆ ಯುರೋಪಿಯನ್ ಕಪ್ಪಿನ ಈಗಿನ ರೂಪವೇ ಚಾಂಪಿಯನ್ಸ್ ಲೀಗ್. ಯುರೋಪಿನಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾಗುವ ಅದರ ಪಂದ್ಯ ಬೆಂಗಳೂರಿನ ನಮ್ಮ ಮನೆ ಮುಟ್ಟುವಾಗ ನಡುರಾತ್ರಿ ದಾಟಿ ಒಂದೂವರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಮಗದು ಹನ್ನೆರಡೂವರೆ. ಹಾಗಾಗಿ ಪ್ರೀಕ್ವಾರ್ಟರ್ ಫೈನಲ್ ನೋಡುವಾಗ ಇರುವ ಕಣ್ಣುರಿ ಎಂಟರ ಘಟ್ಟ ಬರುವಾಗ ಕೊಂಚ ತಗ್ಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಯಾರೋ ದೂರದ ನೆಂಟರು ಕಳಿಸಿದ ಉಡುಗೊರೆಯ ಹಾಗೆ ಆ ಒಂದು ಗಂಟೆ. ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ಟಿವಿಯ ದನಿ ಪೂರ್ತಿ ಆರಿಸಿರುತ್ತೇನೆ. ಅಲ್ಲಿ ಎಂಬತ್ತು ಸಾವಿರ ಜನ ಬಾಯಿ ತೆರೆದು ಕೂಗುವುದು ಕಾಣುತ್ತದೆ, ಕೇಳುವುದು ಮಾತ್ರ ನಮ್ಮ ಫ್ಯಾನಿನ ಕಟಕಟ. ಗೋಲು ಬಿದ್ದರೆ ದಿಂಬಿಗೆ ಬಾಯಿ ಒತ್ತಿಕೊಳ್ಳಬೇಕು.

2019ರ ಮೇ ಮೊದಲ ವಾರ. ಸೆಮಿಫೈನಲ್‌ನ ಮೊದಲ ಲೆಗ್‌ನಲ್ಲಿ ಬಾರ್ಸಿಲೋನಾ ತನ್ನ ನೆಲದಲ್ಲಿ ಲಿವರ್‌ಪೂಲನ್ನು 3–0ಯಿಂದ ಹೊಸಕಿಹಾಕಿತ್ತು. ಎರಡನೇ ಲೆಗ್‌ಗೆ ಲಿವರ್‌ಪೂಲ್‌ನ ಸಲಾ ಇಲ್ಲ, ಫಿರ್ಮಿನೊ ಇಲ್ಲ, ಇಬ್ಬರಿಗೂ ಗಾಯ. ಎದುರಿಗೆ ಮೆಸ್ಸಿ. ನಾನು ಲೆಕ್ಕ ಹಾಕಿದೆ. ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ಮೀಟಿಂಗು. ಅಲಾರಂ ಆರಿಸಿ ಹೊದ್ದು ಮಲಗಿದೆ.

ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಬಾಗಿಲು ತೆಗೆಯುವಾಗ ಫೋನ್ ನೋಡಿದೆ. ನೂರೆಂಟು ಸಂದೇಶ. ಲಿವರ್‌ಪೂಲ್ 4–0.

ನನ್ನ ಸಮಾಧಾನಕ್ಕೆ ಒಬ್ಬರು ದೊಡ್ಡವರಿದ್ದಾರೆ. 1999ರ ಮೇ 26ರಂದು ಬಾರ್ಸಿಲೋನಾದಲ್ಲಿ ನಡೆದ ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ತೊಂಬತ್ತು ನಿಮಿಷ ಮುಗಿಯುವವರೆಗೂ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–0 ಮುಂದಿತ್ತು. ಆಗ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಲೆನಾರ್ಟ್ ಯೊಹಾನ್ಸನ್ ಕಪ್ ಕೊಡಬೇಕಲ್ಲ ಎಂದು ಮೇಲಿನ ಆಸನದಿಂದ ಎದ್ದು ಲಿಫ್ಟ್ ಹತ್ತಿದರು. ಕೆಳಗಿಳಿದು ಮೈದಾನಕ್ಕೆ ಬಂದರೆ ಗೆದ್ದವರು ಅಳುತ್ತಿದ್ದಾರೆ, ಸೋತವರು ಕುಣಿಯುತ್ತಿದ್ದಾರೆ! ಅವರು ಲಿಫ್ಟ್ ದಾರಿ ಹಿಡಿದಿದ್ದ ಹೊತ್ತಿನಲ್ಲಿ ಶೆರಿಂಗಮ್ ಒಂದು, ಸೋಲ್‌ಶಾರ್ ಒಂದು ಗೋಲು ಹೊಡೆದು ಲೋಕವನ್ನೇ ತಲೆಕೆಳಗು ಮಾಡಿದ್ದರು. ಅಧ್ಯಕ್ಷರೂ ನನ್ನಂತೆಯೇ ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪೇನೂ ಇರಲಿಲ್ಲ.

4–0 ಸುದ್ದಿ ಕಂಡ ಆ ದಿನ ಸಂಜೆ ಮನೆಗೆ ಬಂದು ಪಂದ್ಯದ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಯಾವ ನಿಮಿಷಕ್ಕೆ ಏನಾಗುತ್ತದೆಂದು ಬಾಯಿಪಾಠವಾಗಿತ್ತು. ಏಳನೇ ನಿಮಿಷಕ್ಕೆ ಒರಿಗಿ. 54ಕ್ಕೆ ಮತ್ತು 56ಕ್ಕೆ ವೈನಾಲ್ಡಮ್. ಎರಡೂ ಲೆಗ್ ಸೇರಿ ಒಟ್ಟು ಲೆಕ್ಕ 3–3. ಆಮೇಲೆ 79ನೇ ನಿಮಿಷದ ಆ ಕಾರ್ನರ್.

ಚೆಂಡು ಗೆರೆ ದಾಟಿ ಹೊರಗೆ ಹೋಗಿದೆ. ಬಾಲ್‌ಬಾಯ್, ಹದಿನಾಲ್ಕು ವರ್ಷದ ಹುಡುಗ, ತಡಮಾಡದೆ ಇನ್ನೊಂದು ಚೆಂಡು ಒದಗಿಸುತ್ತಾನೆ. ಇಪ್ಪತ್ತು ವರ್ಷದ ಅಲೆಕ್ಸಾಂಡರ್ ಅರ್ನಾಲ್ಡ್ ಅದನ್ನು ಮೂಲೆಯಲ್ಲಿಟ್ಟು, ಜೊತೆಗಾರ ಶಕೀರಿ ಒದೆಯಲಿ ಅನ್ನುವಂತೆ ನಾಲ್ಕು ಹೆಜ್ಜೆ ಆಚೆ ನಡೆಯುತ್ತಾನೆ. ಬಾರ್ಸಿಲೋನಾದ ಆಟಗಾರರು ಯಾರು ಯಾರನ್ನು ಕಾಯಬೇಕೆಂದು ಮಾತಾಡಿಕೊಳ್ಳುತ್ತಿದ್ದಾರೆ. ಕೆಲವರ ಬೆನ್ನು ಚೆಂಡಿನ ಕಡೆಗಿದೆ. ನಡೆಯುತ್ತಿದ್ದ ಅರ್ನಾಲ್ಡ್ ಕತ್ತು ಹೊರಳಿಸಿ ಒಮ್ಮೆ ನೋಡುತ್ತಾನೆ. ಗೋಲಿನ ಮುಂದೆ ಒರಿಗಿ ಒಬ್ಬನೇ. ತಟ್ಟನೆ ಹಿಂದಿರುಗಿ ಒದೆಯುತ್ತಾನೆ. ಚೆಂಡು ನೆಲದ ಮೇಲೇ ಸಾಗಿಬಂದು ಒರಿಗಿಯ ಕಾಲಿಗೆ ಬಿದ್ದು ಬಲೆ ಸೇರುತ್ತದೆ. ಹೊಡೆಸಿಕೊಂಡವರು ಏನಾಯಿತೆಂದು ಇನ್ನೂ ತಿರುಗಿ ನೋಡುತ್ತಿದ್ದಾರೆ.

ಆಗುವುದು ಗೊತ್ತಿತ್ತು. ಆದರೂ ಅವನ ಕತ್ತು ಹೊರಳಿದ ಆ ಚಣ ನನ್ನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಅಚ್ಚರಿಯನ್ನು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹತ್ತಿರವೇ ಮುಗಿಸಿಕೊಂಡಿದ್ದೆ. ಇದು ಬೇರೆ.

ಏನಿದು ಬೇರೆ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಎಂಥ ದೊಡ್ಡ ಬಾಗಿಲು ಎಷ್ಟು ಸಣ್ಣ ತಿರುಗಣಿಯ ಮೇಲೆ ನಿಂತಿದೆ ಎಂದು ಕಂಡುಬಿಡುವುದೇ ಬೆರಗು ಇರಬೇಕು. ಒಬ್ಬ ಹುಡುಗ ಚೆಂಡು ಕೊಡಲು ಎರಡು ಸೆಕೆಂಡು ತಡಮಾಡಿದ್ದರೆ? ಕಾಯುವವರಲ್ಲಿ ಒಬ್ಬ ಈ ಕಡೆ ಮುಖ ಮಾಡಿದ್ದರೆ? ಇಂಥ ಸಣ್ಣದು ಎಲ್ಲ ಆಟದಲ್ಲೂ ಇರುತ್ತದೆ, ಎಲ್ಲರ ಬದುಕಿನಲ್ಲೂ ಇರುತ್ತದೆ. ಲೀಗ್ ಆಟ ಅದನ್ನು ನುಂಗಿಕೊಳ್ಳುತ್ತದೆ. ಇವತ್ತು ಕಳೆದ ಅಂಕವನ್ನು ಮುಂದಿನ ಶನಿವಾರ ತುಂಬಿಕೊಳ್ಳಬಹುದು. ವರ್ಷದ ಕೊನೆಗೆ ಕಿರಾಣಿ ಅಂಗಡಿಯ ಖಾತೆಯಂತೆ ಜಮಾ ಖರ್ಚು ಸರಿಹೋಗುತ್ತದೆ. ನಾಕೌಟ್‌ನಲ್ಲಿ ಮುಂದಿನ ಶನಿವಾರ ಇಲ್ಲ. ಹಾಗಾಗಿ ಸಣ್ಣದು ಸಣ್ಣದಾಗಿ ಉಳಿಯುವುದಿಲ್ಲ.

ಚಾಂಪಿಯನ್ಸ್ ಲೀಗ್ ಈಗ ಎರಡನ್ನೂ ಒಂದೇ ಚಪ್ಪರದಡಿ ಕೂರಿಸಿದೆ. 2024–25ರಿಂದ 36 ತಂಡಗಳು ಒಂದೇ ಪಟ್ಟಿಯಲ್ಲಿ ಎಂಟೆಂಟು ಪಂದ್ಯ ಆಡುತ್ತವೆ. ಮೊದಲ ಎಂಟು ತಂಡಗಳು ನೇರ ಪ್ರೀಕ್ವಾರ್ಟರ್ ಫೈನಲ್‌ಗೆ. ಒಂಬತ್ತರಿಂದ ಇಪ್ಪತ್ನಾಲ್ಕರವರೆಗಿನವು ಇನ್ನೊಂದು ಸುತ್ತು ಗೆದ್ದು ಬರಬೇಕು. ಹೊಸ ಪದ್ಧತಿಯ ಮೊದಲ ವರ್ಷ ಪಟ್ಟಿಯ ತುದಿಯಲ್ಲಿದ್ದದ್ದು ಲಿವರ್‌ಪೂಲ್. ಪ್ಯಾರಿಸ್‌ನ ಪಿಎಸ್‌ಜಿ ಹದಿನೈದನೆಯದು. ನಾಕೌಟ್‌ನಲ್ಲಿ ಈ ಎರಡೂ ಎದುರಾದವು. ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ 1–0 ಗೆದ್ದರೆ, ಲಿವರ್‌ಪೂಲ್‌ನಲ್ಲಿ ಪಿಎಸ್‌ಜಿ 1–0 ಗೆದ್ದಿತು. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಡೊನ್ನರುಮ್ಮ ಎರಡನ್ನು ತಡೆದರು. ಮೊದಲನೆಯವರು ಮನೆಗೆ ಹೋದರು. ಹದಿನೈದನೆಯವರು ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನನ್ನು 5–0ಯಿಂದ ಸೋಲಿಸಿ ಕಪ್ ಎತ್ತಿದರು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದು ಆಗಿಹೋದದ್ದನ್ನು ಹೇಳಿತ್ತು, ಅಷ್ಟೇ.

ಆದರೆ ಈ ಬೆರಗಿನ ಬೆಲೆಯನ್ನು ಯಾರೋ ಕೊಡುತ್ತಿರುತ್ತಾರೆ. ಅದನ್ನು ನನಗೆ ತೋರಿಸಿದ್ದು ಅಮ್ಮ, ಅದೇ 2019ರಲ್ಲಿ, ನಾನು ಮಲಗಿ ಕೆಟ್ಟ ಮಾರನೇ ರಾತ್ರಿ.

ಪಶ್ಚಾತ್ತಾಪಕ್ಕೆಂದೇ ಆವತ್ತು ಎದ್ದು ಕೂತಿದ್ದೆ. ಇನ್ನೊಂದು ಸೆಮಿಫೈನಲ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಯಾಕ್ಸ್ ಮತ್ತು ಲಂಡನ್ನಿನ ಟಾಟನಮ್. ಅಯಾಕ್ಸ್ ಅಂದರೆ ಹುಡುಗರ ತಂಡ. ನಾಯಕ ಡಿ ಲಿಖ್ಟ್‌ಗೆ ಹತ್ತೊಂಬತ್ತು ವರ್ಷ. ರಿಯಲ್ ಮ್ಯಾಡ್ರಿಡ್, ಯುವೆಂಟಸ್ ಎರಡನ್ನೂ ಮಣಿಸಿ ಬಂದವರು. ಮೊದಲ ಲೆಗ್‌ನಲ್ಲಿ ಲಂಡನ್‌ನಲ್ಲೇ 1–0 ಗೆದ್ದಿದ್ದರು. ಇಲ್ಲಿ ವಿರಾಮದ ಹೊತ್ತಿಗೆ 2–0. ಆಮೇಲೆ ಟಾಟನಮ್‌ನ ಲುಕಾಸ್ ಮೌರ ಐದು ನಿಮಿಷದೊಳಗೆ ಎರಡು ಗೋಲು ಹೊಡೆದರು. ಇನ್ನೊಂದು ಬಿದ್ದರೆ ಒಟ್ಟು 3–3 ಆಗಿ, ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಟಾಟನಮ್ ಫೈನಲ್‌ಗೆ. ಆ ನಿಯಮ ಆಗಿನ್ನೂ ಇತ್ತು, 2021ರಲ್ಲಿ ತೆಗೆದರು. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಐದು ನಿಮಿಷವೂ ತೀರುತ್ತಿತ್ತು. ನೀರು ಕುಡಿಯಲು ಎದ್ದ ಅಮ್ಮ ಚೊಂಬು ಹಿಡಿದು ಹಿಂದೆ ನಿಂತಿದ್ದರು.

"ಏನೋ, ಇನ್ನೂ ಮಲಗಿಲ್ವಾ?"

"ಮುಗೀತಮ್ಮ, ಇನ್ನೊಂದು ನಿಮಿಷ."

ಆ ಒಂದು ನಿಮಿಷದಲ್ಲಿ ಮೌರ ಮೂರನೆಯದನ್ನೂ ಹೊಡೆದರು. ಬಿಳಿ ಕೆಂಪು ಅಂಗಿಯ ಹುಡುಗರು ಕಾಲು ಕತ್ತರಿಸಿದಂತೆ ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಉರುಳಿದರು.

"ಅಯ್ಯೋ, ಆ ಹುಡುಗ್ರಿಗೆ ಏನಾಯ್ತು? ಪೆಟ್ಟಾಯ್ತಾ?"

"ಇಲ್ಲಮ್ಮ, ಸೋತ್ರು."

"ಅಲ್ಲಿ ಮಂಡಿಯೂರಿ ಅಳ್ತಿದಾರಲ್ಲ, ಅವರೂ ಸೋತೋರಾ?"

"ಅವರು ಗೆದ್ದ ತಂಡದ ಕೋಚು."

ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಗೆದ್ದೋರೂ ಅಳ್ತಾರೆ, ಸೋತೋರೂ ಅಳ್ತಾರೆ. ಮತ್ತೆ ಯಾತಕ್ಕೆ ಆಡ್ತಾರೋ?" ಎಂದು ಚೊಂಬು ಇಟ್ಟು ಹೋಗಿ ಮಲಗಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದ್ದದ್ದು ಒಂದು ನೆನಪು. 2016ರ ಅಕ್ಟೋಬರ್ 19ರ ಸಂಜೆ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್. ಗುಂಪು ಹಂತದಲ್ಲಿ ಬೆಂಗಳೂರು ಎಫ್‌ಸಿ ಇದೇ ತಂಡಕ್ಕೆ ಸೋತಿತ್ತು. ಅಲ್ಲಿ ಆಡಿದ ಮೊದಲ ಲೆಗ್ 1–1. ಇಲ್ಲಿ ಆಟ ಬಿಸಿಯೇರುವ ಮೊದಲೇ ಅವರು ಗೋಲು ಹೊಡೆದರು. ವಿರಾಮಕ್ಕೆ ಮುಂಚೆ ಸುನಿಲ್ ಛೆಟ್ರಿ ಸಮ ಮಾಡಿದರು. ಎರಡನೇ ಅವಧಿಯಲ್ಲಿ ಅದೇ ಛೆಟ್ರಿ ದೂರದಿಂದ ಒದ್ದ ಚೆಂಡು ಬಲೆ ಸೇರಿತು. ಆಮೇಲೆ ಹುವಾನನ್ ಇನ್ನೊಂದು. 3–1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಎಎಫ್‌ಸಿ ಕಪ್ ಫೈನಲ್ ಮುಟ್ಟಿರಲಿಲ್ಲ.

ನನ್ನ ಪಕ್ಕ ಹಿರಿಯರೊಬ್ಬರು ಕೂತಿದ್ದರು. ಹೆಸರು ಕೇಳಲಿಲ್ಲ. ಆಟ ಮುಗಿದು ಸುತ್ತಲೂ ಜನ ಕುಣಿಯುತ್ತಿದ್ದರೆ ಅವರು ಕೂತೇ ಇದ್ದರು. ನನ್ನ ಕಡೆ ತಿರುಗಿ, "ಈಗ ನಾವು ಫೈನಲ್ಲಾ?" ಅಂದರು. "ಹೌದು ಸಾರ್, ಫೈನಲ್ಲು." ಸ್ವಲ್ಪ ಹೊತ್ತು ಮೈದಾನ ನೋಡಿ ಮತ್ತೆ, "ಫೈನಲ್ಲಾ?" "ಹೌದು ಸಾರ್." ಮೆಟ್ಟಿಲು ಇಳಿಯುವಾಗ ಮೂರನೇ ಸಲ ಕೇಳಿದರು. ಅವರಿಗೆ ಉತ್ತರ ಬೇಕಿರಲಿಲ್ಲ. ಗೊತ್ತಿರುವುದನ್ನೇ ಕೇಳಿ ಕೇಳಿ ಮತ್ತೊಮ್ಮೆ ಅದರೊಳಗೆ ಹೋಗಿ ಬರುತ್ತಿದ್ದರು.

ನವೆಂಬರ್ 5ರಂದು ದೋಹಾದಲ್ಲಿ ಫೈನಲ್. ಇರಾಕಿನ ಅಲ್ ಕುವ್ವಾ ಅಲ್ ಜವಿಯಾದ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿಗೆ ನಾವು ಸೋತೆವು. ಎದೆ ಭಾರವಾಯಿತು. ಆದರೆ ಗೆದ್ದವರು ಯಾರು? 1931ರಲ್ಲಿ ಹುಟ್ಟಿದ ಬಾಗ್ದಾದಿನ ವಾಯುಪಡೆಯ ತಂಡ. ತಮ್ಮ ದೇಶದಲ್ಲಿ ಆಡುವಂತಿಲ್ಲದೆ 'ತವರಿನ' ಪಂದ್ಯಗಳನ್ನೂ ಕತಾರಿನಲ್ಲಿ ಆಡಿ ಬಂದವರು. ಈ ಕಪ್ ಗೆದ್ದ ಮೊದಲ ಇರಾಕಿ ಕ್ಲಬ್. ಬಾಗ್ದಾದಿನ ಯಾವುದೋ ಚಹಾದಂಗಡಿಯಲ್ಲಿ ಆ ರಾತ್ರಿ ಒಬ್ಬ ಹಿರಿಯರು ಪಕ್ಕದವರನ್ನು "ಈಗ ನಾವು ಗೆದ್ವಾ?" ಎಂದು ಮೂರು ಸಲ ಕೇಳಿರಬೇಕು. ನಮ್ಮ ಕೈತಪ್ಪಿದ ಬೆರಗು ಎಲ್ಲೂ ಹೋಗಿರಲಿಲ್ಲ, ಅಲ್ಲಿಗೆ ಹೋಗಿತ್ತು. ಹಾಗೆಂದುಕೊಂಡಾಗ ಸೋಲು ಕಡಿಮೆಯಾಗಲಿಲ್ಲ. ಒಂಟಿತನ ಕಡಿಮೆಯಾಯಿತು.

ಅಯಾಕ್ಸ್ ಸೋತ ಮರುವರ್ಷ ಚಾಂಪಿಯನ್ಸ್ ಲೀಗ್‌ನ ನಾಕೌಟ್ ಶುರುವಾದಾಗ ಅಮ್ಮ ಒಂದು ರಾತ್ರಿ ಅದೇ ಚೊಂಬು ಹಿಡಿದು ಬಂದು ನಿಂತರು. "ಆವತ್ತು ಬಿದ್ದಿದ್ರಲ್ಲ, ಆ ಹುಡುಗ್ರು ಈ ಸಲ ಇದಾರಾ?"

"ಇಲ್ಲಮ್ಮ. ಅವರ ತಂಡ ಇಲ್ಲೀವರೆಗೆ ಬರಲಿಲ್ಲ. ಆ ಹುಡುಗರಲ್ಲೂ ಒಬ್ಬ ಇಟಲಿಗೆ ಹೋದ, ಒಬ್ಬ ಸ್ಪೇನಿಗೆ ಹೋದ."

"ಒಳ್ಳೇ ಕೆಲಸ ಸಿಕ್ತಾ?"

"ಹ್ಞೂಂ, ಒಳ್ಳೇದೇ."

"ಸರಿ ಬಿಡು," ಅಂದರು. ಆಮೇಲೆ ಮಲಗಲು ಹೋಗದೆ ಕುರ್ಚಿಯ ತುದಿಯಲ್ಲಿ ಹತ್ತು ನಿಮಿಷ ಕೂತು ನೋಡಿದರು. ಏನೂ ಆಗಲಿಲ್ಲ. ಚೆಂಡು ಆ ಕಡೆ ಈ ಕಡೆ ಉರುಳಿತು.

ಬಹುಪಾಲು ರಾತ್ರಿಗಳು ಹಾಗೇ. ಮೂರು ಗೋಲು ಹಿಂದಿದ್ದವರು ಸಾಮಾನ್ಯವಾಗಿ ಸೋತೇ ಸೋಲುತ್ತಾರೆ, ನನ್ನ ಕಣ್ಣು ಮರುದಿನ ಮಧ್ಯಾಹ್ನದವರೆಗೂ ಉರಿಯುತ್ತದೆ. ಆದರೂ ಈಗ ಮೊದಲ ಲೆಗ್ 3–0 ಆಗಿದ್ದಾಗಲೇ ಮರೆಯದೆ ಅಲಾರಂ ಇಡುತ್ತೇನೆ. ಕೆಸರಿನಲ್ಲಿ ಬಿಲ್ಲೆ ನಿಂತೀತೆಂದು ಕಾಯುವುದಕ್ಕೆ ಯಾವ ಲೆಕ್ಕವೂ ಇಲ್ಲ. ಒಂದು ಸಲ ನಿಂತಿತ್ತು ಅನ್ನುವುದಷ್ಟೇ ಇದೆ.