ಕರ್ತೃವಿಲ್ಲದ ಅಪರಾಧ

ವ್ಯಾಕರಣಶಾಸ್ತ್ರದಲ್ಲಿ ಕರ್ಮಣಿಪ್ರಯೋಗವೆಂಬುದೊಂದುಂಟು. ಕುಂಬಾರನು ಮಡಕೆಯನ್ನು ಮಾಡಿದನೆಂಬಲ್ಲಿ ಕುಂಬಾರನು ಎದುರಿಗೆ ನಿಲ್ಲುತ್ತಾನೆ. ಮಡಕೆಯು ಮಾಡಲ್ಪಟ್ಟಿತೆಂಬಲ್ಲಿ ಅವನು ಮರೆಯಾಗುತ್ತಾನೆ. ಸಂಸ್ಕೃತಕ್ಕೆ ಈ ಪ್ರಯೋಗವು ಸಹಜವಾದುದು. ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದು. ಸರಕಾರದ ಕಾಗದಪತ್ರಗಳಿಗಾದರೋ ಪ್ರಾಣಪ್ರಿಯವಾದುದು. ಮಡಕೆಯ ವಿಷಯದಲ್ಲಿ ಕರ್ತೃವನ್ನು ಬಿಟ್ಟರೆ ಹಾನಿಯೇನೂ ಇಲ್ಲ. ಆದರೆ ಸಾವಿರಾರು ಜನರು ಕೊಲ್ಲಲ್ಪಟ್ಟರೆಂದು ಬರೆದು ಅಲ್ಲಿಗೇ ವಾಕ್ಯವನ್ನು ಮುಗಿಸಿದರೆ, ಕೊಂದವರಾರೆಂಬ ಪ್ರಶ್ನೆಯು ವ್ಯಾಕರಣವನ್ನು ದಾಟಿ ಧರ್ಮಶಾಸ್ತ್ರದೊಳಕ್ಕೆ ಕಾಲಿಡುತ್ತದೆ. ತೈವಾನ್ ದ್ವೀಪದ ಜನರು ನಿರಂಕುಶಪ್ರಭುತ್ವದಿಂದ ಪ್ರಜಾಪ್ರಭುತ್ವಕ್ಕೆ ಬಂದ ಬಗೆಯು ಲೋಕವು ಮೆಚ್ಚತಕ್ಕದ್ದು. ಆದರೆ ಅವರ ಹಿಂದಿನ ದುಃಖವನ್ನು ಹೇಳುವ ವಾಕ್ಯಗಳಲ್ಲಿ ಬಹುಕಾಲ ಕರ್ತೃಪದವೇ ಇರಲಿಲ್ಲ. ಅಂಥ ವಾಕ್ಯವನ್ನು ಮುಂದಿಟ್ಟು, ಆದುದಾಯಿತು ಕ್ಷಮಿಸಿರಿ ಎಂದರೆ, ಅವರು ಕ್ಷಮಿಸಬೇಕಾದುದು ಯಾರನ್ನು?

ಚೀನದ ಆಗ್ನೇಯ ಕರಾವಳಿಗೆ ಇದಿರಾಗಿರುವ ಈ ದ್ವೀಪದ ವಿಸ್ತಾರವು ಸುಮಾರು 36,000 ಚದರ ಕಿಲೋಮೀಟರುಗಳು. 1895ರಿಂದ 1945ರವರೆಗೆ ಅದು ಜಪಾನಿನ ಅಧೀನದಲ್ಲಿತ್ತು. ಮಹಾಯುದ್ಧದಲ್ಲಿ ಜಪಾನು ಸೋತಮೇಲೆ ಚೀನಾ ಗಣರಾಜ್ಯದ ಸರಕಾರವು ಅದನ್ನು ವಶಪಡಿಸಿಕೊಂಡಿತು. ಸ್ವಜನರೇ ಬಂದರೆಂದು ಹಿಗ್ಗಿದವರ ಹಿಗ್ಗು ಎರಡು ವರ್ಷವೂ ಉಳಿಯಲಿಲ್ಲ. ಲಂಚವೂ ಬೆಲೆಯೇರಿಕೆಯೂ ಅಕ್ಕಿಯ ಅಭಾವವೂ ಜನರನ್ನು ಕಂಗೆಡಿಸಿದ್ದುವು. 1947ನೆಯ ಇಸವಿ ಫೆಬ್ರವರಿ 27ರ ಸಂಜೆ ತೈಪೆ ನಗರದಲ್ಲಿ ತಂಬಾಕಿನ ಇಲಾಖೆಯವರು ಕಳ್ಳತನದಿಂದ ಸಿಗರೇಟು ಮಾರುತ್ತಿದ್ದ ಒಬ್ಬ ವಿಧವೆಯನ್ನು ಹಿಡಿದು, ಸರಕನ್ನು ಕಿತ್ತುಕೊಂಡು, ತಲೆಗೆ ಹೊಡೆದರು. ಗುಂಪು ಸೇರಿತು, ಗುಂಡು ಹಾರಿತು, ನೋಡುತ್ತಿದ್ದವನೊಬ್ಬನು ಸತ್ತನು. ಮರುದಿನ ನಗರವೇ ಎದ್ದಿತು. ಮಾರ್ಚ್ ತಿಂಗಳಲ್ಲಿ ಚೀನದಿಂದ ಸೈನ್ಯವು ಬಂದಿಳಿಯಿತು. ವಕೀಲರು, ವೈದ್ಯರು, ಉಪಾಧ್ಯಾಯರು, ವಿದ್ಯಾರ್ಥಿಗಳು—ಹೊರಗೆ ಹೋದವರು ಹಿಂದಿರುಗಲಿಲ್ಲ. 1992ರಲ್ಲಿ ಪ್ರಕಟವಾದ ಸರಕಾರದ ವರದಿಯೇ ಸತ್ತವರ ಸಂಖ್ಯೆಯನ್ನು 18,000ದಿಂದ 28,000ದವರೆಗೆ ಅಂದಾಜು ಮಾಡಿದೆ.

ಆಗ ದ್ವೀಪದ ಮುಖ್ಯಾಧಿಕಾರಿಯಾಗಿದ್ದ ಚೆನ್ ಯೀ ಎಂಬವನ ಕಥೆಯು ವಿಚಾರಾರ್ಹವಾದುದು. ಈ ಹತ್ಯೆಗಾಗಿ ಅವನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಅಲ್ಲಿಂದ ಕರೆಸಿಕೊಂಡು ಮರುವರ್ಷವೇ ಚೀನದ ಒಂದು ಪ್ರಾಂತ್ಯದ ಅಧಿಪತ್ಯವನ್ನು ಕೊಟ್ಟರು. ಮುಂದೆ ಕಮ್ಯೂನಿಸ್ಟರೊಡನೆ ಒಳಸಂಚು ನಡೆಸಿದನೆಂಬ ಆರೋಪವನ್ನು ಹೊರಿಸಿ, 1950ರ ಜೂನ್ ತಿಂಗಳಲ್ಲಿ ತೈಪೆಯಲ್ಲಿಯೇ ಗುಂಡಿಕ್ಕಿದರು. ಕರ್ಮಫಲವು ತಪ್ಪಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ. ಆದರೆ ಸಾಲವನ್ನು ತೀರಿಸಿದ ಹಣವು ಬೇರೊಬ್ಬನ ಖಾತೆಗೆ ಜಮೆಯಾದಂತೆ, ಆ ದಂಡನೆಯಿಂದ 1947ರ ವಿಧವೆಯರಿಗೆ ಒಂದು ಅಕ್ಷರದ ನ್ಯಾಯವೂ ದೊರೆಯಲಿಲ್ಲ. ಪ್ರಭುವಿಗೆ ದ್ರೋಹ ಬಗೆದುದಕ್ಕೆ ಮರಣದಂಡನೆ. ಪ್ರಜೆಗಳಿಗೆ ಬಗೆದ ದ್ರೋಹಕ್ಕೆ ಬಡ್ತಿ!

1949ರ ಮೇ 20ರಂದು ಹೇರಲ್ಪಟ್ಟ ಸೇನಾಶಾಸನವು 1987ರ ಜುಲೈ 15ರವರೆಗೆ, ಎಂದರೆ 38 ವರ್ಷಗಳಿಗೂ ಮೇಲ್ಪಟ್ಟು ನಡೆಯಿತು. ಸಾಮಾನ್ಯ ಪ್ರಜೆಗಳನ್ನು ಸೈನಿಕ ನ್ಯಾಯಾಲಯಗಳು ವಿಚಾರಿಸಿದುವು. ಹಸುರುದ್ವೀಪವೆಂಬ ಸುಂದರನಾಮದ ಚಿಕ್ಕ ನಡುಗಡ್ಡೆಯು ರಾಜಕೀಯ ಬಂದಿಗಳ ಸೆರೆಮನೆಯಾಯಿತು. ಇತ್ತ ಶಾಸನಸಭೆಯಲ್ಲಿ, 1948ರ ವೇಳೆಗೆ ಚೀನದ ನೆಲದಲ್ಲಿ ಚುನಾಯಿತರಾದ ಸಭಾಸದರು, ಆ ನೆಲವು ಕೈಬಿಟ್ಟುಹೋದ ಮೇಲೂ ನಲವತ್ತಕ್ಕೂ ಹೆಚ್ಚು ವರ್ಷ ತಮ್ಮ ಪೀಠಗಳಲ್ಲಿಯೇ ಮುಪ್ಪಾದರು.

ಇಂಥ ಪ್ರಭುತ್ವವು ರಕ್ತಪಾತವಿಲ್ಲದೆ ಕರಗಿಹೋದುದೇ ವಿಶೇಷ. 1979ರ ಡಿಸೆಂಬರ್ 10ರಂದು ಕಾವ್‌ಶಿಯೂಂಗ್ ನಗರದಲ್ಲಿ ಮಾನವ ಹಕ್ಕುಗಳ ದಿನದ ಮೆರವಣಿಗೆಯು ಘರ್ಷಣೆಯಲ್ಲಿ ಮುಗಿದು, ಮುಂದಾಳುಗಳು ಸೈನಿಕ ನ್ಯಾಯಾಲಯದ ಮುಂದೆ ನಿಂತರು. ಆ ಆಪಾದಿತರಲ್ಲಿ ಒಬ್ಬಳಾದ ಆನೆಟ್ ಲೂ, ಅವರ ಪರವಾಗಿ ವಾದಿಸಿದ ವಕೀಲರಲ್ಲಿ ಒಬ್ಬನಾದ ಚೆನ್ ಶುಯಿ-ಬಿಯನ್—ಇವರೇ 2000ದಲ್ಲಿ ಕ್ರಮವಾಗಿ ಉಪಾಧ್ಯಕ್ಷೆಯೂ ಅಧ್ಯಕ್ಷನೂ ಆದರು. 1986ರ ಸೆಪ್ಟೆಂಬರ್ 28ರಂದು ವಿರೋಧಿಗಳು ಕಾನೂನನ್ನು ಮೀರಿ ಒಂದು ಪಕ್ಷವನ್ನು ಕಟ್ಟಿದಾಗ ಅಧ್ಯಕ್ಷ ಚಿಯಾಂಗ್ ಚಿಂಗ್-ಕುವೋ ಅವರನ್ನು ಸೆರೆಹಿಡಿಸಲಿಲ್ಲ; ಮರುವರ್ಷ ಸೇನಾಶಾಸನವನ್ನು ತೆಗೆದುಹಾಕಿದನು. ಗೂಢಚಾರ ದಳಗಳನ್ನು ತನ್ನ ತಂದೆಯ ಕಾಲದಲ್ಲಿ ತಾನೇ ನಡೆಸಿದವನು ಇವನೇ. ಒಂದೇ ಕೈ ಬೀಗವನ್ನು ಹಾಕಿತು, ಒಂದೇ ಕೈ ತೆರೆಯಿತು. ಅವನನ್ನು ಯಾವ ಕೈಗಾಗಿ ನೆನೆಯಬೇಕೆಂಬ ವಿವಾದವು ದ್ವೀಪದಲ್ಲಿ ಇನ್ನೂ ಮುಗಿದಿಲ್ಲ. 1990ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು ರಾಜಧಾನಿಯ ಚೌಕದಲ್ಲಿ ಧರಣಿ ಕುಳಿತರು. 1996ರ ಮಾರ್ಚ್ 23ರಂದು ಜನರು ಮೊದಲ ಬಾರಿಗೆ ನೇರವಾಗಿ ಅಧ್ಯಕ್ಷನನ್ನು ಆರಿಸಿದರು. 2000ದಲ್ಲಿ ಅರ್ಧಶತಮಾನವಾಳಿದ ಪಕ್ಷವು ಸೋಲನ್ನೊಪ್ಪಿ ಅಧಿಕಾರವನ್ನು ಬಿಟ್ಟುಕೊಟ್ಟಿತು.

ಇಲ್ಲಿ ಪೂರ್ವಪಕ್ಷವೊಂದುಂಟು, ಅದು ದುರ್ಬಲವಾದುದಲ್ಲ. ಹಳೆಯ ಅಧಿಕಾರಿಗಳ ಕೊರಳಿಗೆ ನೇಣು ಕಾದಿದ್ದರೆ ಅವರು ಅಧಿಕಾರವನ್ನು ಬಿಡುತ್ತಿದ್ದರೆ? ತಪ್ಪಿತಸ್ಥರನ್ನು ಹುಡುಕದಿದ್ದುದೇ ಶಾಂತಿಗೆ ತೆತ್ತ ಬೆಲೆ. ಸತ್ತವರನ್ನು ಎಬ್ಬಿಸಲಾಗದೆಂದ ಮೇಲೆ ಬದುಕಿರುವವರ ಮತಾಧಿಕಾರವನ್ನು ಪಣಕ್ಕೊಡ್ಡುವುದು ವಿವೇಕವೆ? 1987ರ ರಾಷ್ಟ್ರಭದ್ರತೆಯ ಕಾನೂನು ಸೈನಿಕ ನ್ಯಾಯಾಲಯಗಳ ಹಳೆಯ ತೀರ್ಪುಗಳ ಮೇಲೆ ಅಪೀಲನ್ನೇ ನಿಷೇಧಿಸಿತು. 1995ರ ಫೆಬ್ರವರಿ 28ರಂದು ಅಧ್ಯಕ್ಷ ಲೀ ತೆಂಗ್-ಹುಯಿಯು ರಾಷ್ಟ್ರದ ಪರವಾಗಿ ಕ್ಷಮೆಯಾಚಿಸಿದನು. ಅದೇ ವರ್ಷ ಕಾನೂನಾಗಿ, ಒಬ್ಬೊಬ್ಬರಿಗೆ ಅರುವತ್ತು ಲಕ್ಷ ತೈವಾನ್ ಡಾಲರುಗಳವರೆಗೆ ಹಣವನ್ನು ಕೊಡತೊಡಗಿದರು. ಆ ಹಣಕ್ಕೆ ಕಾನೂನಿನಲ್ಲಿ ಇಟ್ಟ ಹೆಸರನ್ನು ಭಾಷಾಪ್ರಿಯರು ಗಮನಿಸಬೇಕು. ಚೀನೀ ಭಾಷೆಯಲ್ಲಿ ನಷ್ಟವನ್ನು ತುಂಬಿಕೊಡುವುದಕ್ಕೆ ಒಂದು ಶಬ್ದ, ತಪ್ಪನ್ನೊಪ್ಪಿ ತೆರುವ ದಂಡಕ್ಕೆ ಇನ್ನೊಂದು ಶಬ್ದ. 1995ರ ಕಾನೂನು ಮೊದಲನೆಯದನ್ನು ಬಳಸಿತು. 2007ರಲ್ಲಿ ಅದನ್ನು ತಿದ್ದಿ ಎರಡನೆಯದನ್ನು ಹಾಕಿದರು. ಒಂದು ಶಬ್ದದ ಬದಲಾವಣೆಗೆ ಹನ್ನೆರಡು ವರ್ಷ! ಕರ್ತೃಪದವು ಆಗಲೂ ಬರಲಿಲ್ಲ.

ಕ್ಷಮೆಯ ವಿಚಾರವು ನಮ್ಮ ಗ್ರಂಥಗಳಿಗೆ ಹೊಸದಲ್ಲ. ವನಪರ್ವದಲ್ಲಿ ದ್ರೌಪದಿಯು ಪ್ರಹ್ಲಾದ-ಬಲಿಯರ ಸಂವಾದವನ್ನು ಧರ್ಮರಾಜನಿಗೆ ನೆನಪಿಸುತ್ತಾಳೆ: ಸದಾ ಕ್ಷಮೆಯೂ ಸಲ್ಲದು, ಸದಾ ತೇಜಸ್ಸೂ ಸಲ್ಲದು, ಅರಿಯದೆ ತಪ್ಪಿದವನು ಕ್ಷಮಾರ್ಹನು, ಅರಿತು ಮಾಡಿ ಅರಿಯೆನೆನ್ನುವವನು ಅಲ್ಲ. ಧರ್ಮರಾಜನು ಕ್ಷಮೆಯನ್ನೇ ಎತ್ತಿಹಿಡಿದುದು ನಿಜ. ಆದರೆ ಅವನು ಕ್ಷಮಿಸಬೇಕಾಗಿದ್ದುದು ದುರ್ಯೋಧನನನ್ನು. ಸಭೆಯಲ್ಲಿ ಸೀರೆಯನ್ನು ಸೆಳೆದ ಕೈ ಯಾರದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಪ್ರಾಯಶ್ಚಿತ್ತಪ್ರಕರಣದಲ್ಲಿಯೂ ಸ್ಮೃತಿಕಾರರು ಪಶ್ಚಾತ್ತಾಪದ ಜೊತೆಗೆ ಖ್ಯಾಪನವನ್ನು, ಎಂದರೆ ತನ್ನ ಪಾಪವನ್ನು ತಾನೇ ಬಾಯ್ಬಿಟ್ಟು ಹೇಳಿಕೊಳ್ಳುವುದನ್ನು, ಎಣಿಸಿದ್ದಾರೆ. ದಂಡನೆಯನ್ನು ಬಿಡಬಹುದು, ಲೋಕಶಾಂತಿಗಾಗಿ ಬಿಡಬೇಕಾಗಿಯೂ ಬರಬಹುದು. ಹೆಸರನ್ನು ಬಿಡುವುದು ಬೇರೆಯ ಮಾತು. ಪೂರ್ವಪಕ್ಷವು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ. ಅಲ್ಲದೆ, ಪೆಟ್ಟು ತಿಂದವನ ಕ್ಷಮೆಯನ್ನು ಪೆಟ್ಟು ಕೊಟ್ಟ ಸರಕಾರವೇ ಅವನ ಪರವಾಗಿ ನೀಡಿಬಿಡುವುದು, ಅನ್ಯರ ಗೋವನ್ನು ದಾನಮಾಡಿದಂತೆ.

ಕಾವ್‌ಶಿಯೂಂಗ್ ಆಪಾದಿತರಲ್ಲಿ ಲಿನ್ ಯೀ-ಶಿಯೂಂಗ್ ಎಂಬವನೂ ಒಬ್ಬನು. ಅವನು ಬಂಧನದಲ್ಲಿದ್ದಾಗ, 1980ರ ಫೆಬ್ರವರಿ 28ರಂದು, ಅವನ ತಾಯಿಯನ್ನೂ ಅವಳಿ ಹೆಣ್ಣುಮಕ್ಕಳನ್ನೂ ಮನೆಯೊಳಗೇ ಕೊಂದರು. ಹಿರಿಯ ಮಗಳು ಮಾತ್ರ ಗಾಯಗೊಂಡು ಬದುಕಿದಳು. ಪೋಲೀಸರು ಹಗಲಿರುಳೂ ಕಾಯುತ್ತಿದ್ದ ಮನೆಯದು. ಕೊಂದವರಾರೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಆ ಮನೆಯು ಈಗ ಪ್ರಾರ್ಥನಾಮಂದಿರವಾಗಿದೆ. ಅಲ್ಲಿ ಒಬ್ಬ ತಂದೆಗೆ ಕ್ಷಮೆಯನ್ನು ಬೋಧಿಸಹೊರಡುವವನು ಮೊದಲು ಚತುರ್ಥೀವಿಭಕ್ತಿಯ ಪದವನ್ನು, ಯಾರಿಗೆ ಎಂಬುದನ್ನು, ತಂದುಕೊಡಬೇಕು.

ಮರಣದಂಡನೆಗೆ ಗುರಿಯಾದ ಬಂದಿಗಳು ಕೊನೆಯ ರಾತ್ರಿ ಹೆಂಡತಿಮಕ್ಕಳಿಗೆ ಪತ್ರಗಳನ್ನು ಬರೆದಿದ್ದರು. ಅನೇಕ ಪತ್ರಗಳನ್ನು ಸರಕಾರವು ತಲಪಿಸಲಿಲ್ಲ, ಸುಡಲೂ ಇಲ್ಲ. ಕಡತದಲ್ಲಿ ಸೇರಿಸಿ, ಕ್ರಮಾಂಕವನ್ನು ಹಾಕಿ, ಜೋಪಾನವಾಗಿಟ್ಟಿತು. 2008ರ ಸುಮಾರಿಗೆ ಹಳೆಯ ದಾಖಲೆಗಳನ್ನು ಕೇಳಿ ಪಡೆದ ಕುಟುಂಬದವರಿಗೆ ಇವು ಕಣ್ಣಿಗೆ ಬಿದ್ದುವು. 2011ರಲ್ಲಿ ಮೂಲಪ್ರತಿಗಳು ಮನೆಗಳಿಗೆ ಹಿಂದಿರುಗತೊಡಗಿದುವು. ತೊಟ್ಟಿಲಿನಲ್ಲಿದ್ದಾಗ ತಂದೆಯು ತನಗೆ ಬರೆದುದನ್ನು ಮಗಳೊಬ್ಬಳು ಐವತ್ತು ವರ್ಷ ದಾಟಿದ ಮೇಲೆ ಓದಿದಳು. ಆ ಪತ್ರವನ್ನು ತಡೆಹಿಡಿದ ಗುಮಾಸ್ತನು ಕ್ರೂರಿಯೇ ಆಗಿದ್ದನೆಂದು ಹೇಳಲಾಗದು. ಪ್ರಾಯಶಃ ಅವನಿಗೂ ಮಕ್ಕಳಿದ್ದರು.

2017ರ ಕೊನೆಯಲ್ಲಿ ಶಾಸನಸಭೆಯು ಹಳೆಯ ಅನ್ಯಾಯಗಳ ಪರಿಶೋಧನೆಗೆ ಕಾನೂನೊಂದನ್ನು ಮಾಡಿತು. 2018ರ ಮೇ ತಿಂಗಳಿನಿಂದ 2022ರ ಮೇ ತಿಂಗಳವರೆಗೆ ಆ ಆಯೋಗವು ಐದು ಸಾವಿರಕ್ಕೂ ಹೆಚ್ಚು ಜನರ ಮೇಲಿದ್ದ ಹಳೆಯ ತೀರ್ಪುಗಳನ್ನು ರದ್ದುಮಾಡಿತು. ಗೂಢಚಾರರ ಕಡತಗಳನ್ನು, ಯಾರನ್ನು ಕುರಿತು ಬರೆದಿದ್ದರೋ ಅವರಿಗೇ ತೆರೆದು ತೋರಿಸಿತು. ಓದಿದವರಲ್ಲಿ ಕೆಲವರಿಗೆ ತಮ್ಮ ಮಾತನ್ನು ಪೋಲೀಸರಿಗೆ ಮುಟ್ಟಿಸುತ್ತಿದ್ದವರು ಆಪ್ತಮಿತ್ರರೇ ಎಂಬುದು ತಿಳಿದುಬಂದಿತು. ಆ ಮಿತ್ರರಲ್ಲಿಯೂ ಬೆದರಿಕೆಗೆ ಬಾಗಿದವರಿದ್ದರು. ಹೆಸರು ತಿಳಿಯುವುದೆಂದರೆ ಸುಖವೆಂದು ಯಾರೂ ಹೇಳಿಲ್ಲ. ಆದರೆ ಅಲ್ಲಿಂದ ಮುಂದೆ ಆ ಮನೆಗೆ ಹೋಗಿ ಬಾಗಿಲನ್ನು ತಟ್ಟುವುದೋ, ಸುಮ್ಮನಿರುವುದೋ, ಕ್ಷಮಿಸುವುದೋ ಎಂಬುದು ಪೆಟ್ಟು ತಿಂದವರ ಕೈಗೆ ಬಂದಿತು. ಅದುವರೆಗೆ ಅಷ್ಟೂ ಅವರ ಕೈಯಲ್ಲಿರಲಿಲ್ಲ.

ತೈಪೆಯ ನಡುವೆ ಚಿಯಾಂಗ್ ಕಾಯ್-ಶೆಕ್ಕನ ಸ್ಮಾರಕಭವನವಿದೆ. ಒಳಗೆ ಕಂಚಿನ ಪ್ರತಿಮೆ. ಅದರ ಇಕ್ಕೆಲದಲ್ಲಿ ದಶಕಗಳ ಕಾಲ ಸೈನಿಕರು ಅಲುಗದೆ ಕಾವಲು ನಿಲ್ಲುತ್ತಿದ್ದರು. 2024ರ ಜುಲೈ 15ರಂದು, ಸೇನಾಶಾಸನವು ತೆಗೆಯಲ್ಪಟ್ಟ ದಿನದ ವಾರ್ಷಿಕದಲ್ಲಿ, ಆ ಕಾವಲನ್ನು ಹಿಂತೆಗೆದರು. ಸೈನಿಕರು ಈಗ ಹೊರಗಿನ ಬಯಲಿನಲ್ಲಿ ಕವಾಯತು ಮಾಡುತ್ತಾರೆ. ಪ್ರತಿಮೆಯನ್ನು ತೆಗೆಯಬೇಕೆನ್ನುವವರೂ ಬೇಡವೆನ್ನುವವರೂ ಅದೇ ಬಯಲಿನಲ್ಲಿ ಗುಂಪುಗೂಡಿ, ಯಾರ ಅಪ್ಪಣೆಯನ್ನೂ ಬೇಡದೆ, ಗಟ್ಟಿಯಾಗಿ ವಾದಿಸುತ್ತಾರೆ.