ತೆರಿಗೆಯ ಲೆಕ್ಕದಲ್ಲಿ ಸೇರದ ಬೆವರು

ಯಾದಗಿರಿ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗೆ ಕಾಯುತ್ತಿದ್ದ ಸುರಪುರ ಕಡೆಯ ಗಾರೆ ಕೆಲಸದವನೊಬ್ಬನ ಜೊತೆ ತೆರಿಗೆಯ ಮಾತು ತೆಗೆದೆ. ಅವನು ನಕ್ಕುಬಿಟ್ಟ. “ಟ್ಯಾಕ್ಸ್ ಕಟ್ಟೂದು ದೊಡ್ಡೋರ ಕೆಲಸರಿ ಸಾಹೇಬ್ರ, ನಾವೇನ್ ಕಟ್ತೀವ್ರಿ?” ಎಂದ. ಅವನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಅದರ ಬೆಲೆಯೊಳಗೇ ಜಿಎಸ್‌ಟಿ ಇತ್ತು. ಸುರಪುರದಿಂದ ಯಾದಗಿರಿಗೆ ಅವನನ್ನು ತಂದ ಬಸ್ಸಿನ ಡೀಸೆಲ್‌ನಲ್ಲಿ ಕೇಂದ್ರದ ಸುಂಕವೂ ರಾಜ್ಯದ ತೆರಿಗೆಯೂ ಇದ್ದವು. ಸೋಪಿನ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಮೈ ತೊಳೆದುಕೊಳ್ಳಲು ಅವನೂ ಕೋಟ್ಯಧಿಪತಿಯೂ ಒಂದೇ ದರ ತೆತ್ತಿದ್ದರು.

2024ರ ಫೆಬ್ರವರಿ 7ರಂದು ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕರ್ನಾಟಕ ಸರಕಾರ ದೆಹಲಿಯಲ್ಲಿ ಧರಣಿ ಕೂತಿತು. ಅದಕ್ಕೆ ಕಾರಣವಿತ್ತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದ ಶೇ. 4.713ರಿಂದ 15ನೇ ಆಯೋಗದ ಕಾಲಕ್ಕೆ ಶೇ. 3.647ಕ್ಕೆ ಕುಸಿದಿತ್ತು. ಸೆಸ್ಸು, ಸರ್‌ಚಾರ್ಜುಗಳಂತೂ ಹಂಚಿಕೆಗೇ ಬರುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಆ ಘೋಷಣೆಯನ್ನು ಶಹಾಪುರದ ಹೋಟೆಲಿನಲ್ಲಿ ಕೂತು ಓದಿದಾಗ ನನಗೆ ಕಸಿವಿಸಿಯಾಯಿತು. ಹೆಚ್ಚು ಕೊಟ್ಟವನಿಗೇ ಹೆಚ್ಚು ಎಂಬುದು ನ್ಯಾಯವಾದರೆ, ನಾಳೆ ಬೆಂಗಳೂರು ಅದೇ ಮಾತನ್ನು ಯಾದಗಿರಿಗೆ ಹೇಳಬಹುದಲ್ಲವೇ?

ನಮ್ಮ ಜಿಲ್ಲೆ ಹುಟ್ಟಿದ್ದು 2009ರ ಕೊನೆಗೆ. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡೆಯದು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವೇ. ನಮಗೆ 371(ಜೆ) ಸಿಕ್ಕಿದ್ದು ನಾವು ಹೆಚ್ಚು ತೆರಿಗೆ ಕಟ್ಟಿದೆವೆಂದಲ್ಲ, ನಮ್ಮ ಅಗತ್ಯ ದೊಡ್ಡದೆಂದು.

ಇನ್ನು ‘ಬೆಂಗಳೂರಿನ ತೆರಿಗೆ’ ಎಂಬ ಮಾತು. ಕಂಪೆನಿಯ ಕಚೇರಿ ಅಲ್ಲಿದೆ, ಆದ್ದರಿಂದ ತೆರಿಗೆಯೂ ಅಲ್ಲಿಯ ಲೆಕ್ಕಕ್ಕೆ ಬೀಳುತ್ತದೆ. ಆ ಕಟ್ಟಡಕ್ಕೆ ಗಾರೆ ಮೆತ್ತಿದವನು ಗುಳೆ ಹೋದ ನಮ್ಮವನು. ಅವನು ಮಲಗುವುದು ತಗಡಿನ ಶೆಡ್ಡಿನಲ್ಲಿ. ಅವನ ಮಕ್ಕಳ ಹೆಸರು ಮಾತ್ರ ಇಲ್ಲಿನ ಶಾಲೆಯ ಹಾಜರಿ ಪುಸ್ತಕದಲ್ಲಿ. ಆ ಶಾಲೆಗೆ ಹಣ ಬಂದರೆ ಅದನ್ನು ಬೆಂಗಳೂರಿನ ದಾನವೆನ್ನಬೇಕೇ?

ಪ್ರವಾದಿ(ಸ)ಯವರು ಮುಆದ್ ಬಿನ್ ಜಬಲ್(ರ)ರನ್ನು ಯಮನ್‌ಗೆ ಕಳುಹಿಸುವಾಗ, ಝಕಾತನ್ನು ಅಲ್ಲಿನ ಧನಿಕರಿಂದ ಪಡೆದು ಅಲ್ಲಿನ ಬಡವರಿಗೇ ಮರಳಿಸಬೇಕೆಂದು ತಿಳಿಸಿದ್ದರು. ಮುಂದೆ ಉಮರ್(ರ)ರ ಆಡಳಿತದಲ್ಲಿ ಮುಆದ್(ರ) ಝಕಾತಿನ ಒಂದು ಭಾಗವನ್ನು ಮದೀನಕ್ಕೆ ಕಳುಹಿಸಿದಾಗ ಖಲೀಫರು ಆಕ್ಷೇಪಿಸಿದರಂತೆ. ಇಲ್ಲಿ ಪಡೆಯುವವರು ಯಾರೂ ಉಳಿದಿಲ್ಲ ಎಂಬುದು ಮುಆದ್‌ರ ಉತ್ತರವಾಗಿತ್ತು. ಸ್ಥಳೀಯರ ಹಕ್ಕು ಮೊದಲು ಎಂಬುದಕ್ಕೆ ಇದು ಆಧಾರ, ಒಪ್ಪುತ್ತೇನೆ. ಆದರೆ ಅಲ್ಲಿಯೂ ಹಕ್ಕುದಾರ ಬಡವನೇ ಹೊರತು ಕೊಟ್ಟವನಲ್ಲ. ಬೆಳೆಯ ಝಕಾತಿನಲ್ಲಿ ಮಳೆಯಿಂದ ಬೆಳೆದದ್ದಕ್ಕೆ ಹತ್ತನೇ ಒಂದು, ನೀರೆತ್ತಿ ದುಡಿದು ಬೆಳೆದದ್ದಕ್ಕೆ ಅದರರ್ಧ. ದರ ಗೊತ್ತುಮಾಡುವಾಗಲೇ ಬೆವರನ್ನು ನೋಡಿದ ವ್ಯವಸ್ಥೆ ಅದು. ಝಕಾತ್ ತೆರಿಗೆಯಲ್ಲ, ಆರಾಧನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ತೆರಿಗೆ ವಿಧಿಸುವವರು ಇಷ್ಟನ್ನಾದರೂ ಗಮನಿಸಬಾರದೇ ಎಂದಷ್ಟೇ ನನ್ನ ಪ್ರಶ್ನೆ.

ದೂರುವಾಗ ನಮ್ಮ ಅಂಗಳವನ್ನೂ ನೋಡಬೇಕು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯನ್ನು ತರುತ್ತದೆ. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯ ಹೊಲದ ರೈತ ಒಣಗಿದ ತೂಬಿನ ಬಳಿ ರಾತ್ರಿ ಕಾಯುತ್ತಾನೆ. ಮೇಲಿನವರನ್ನು ಕೇಳಿದರೆ ಸಿದ್ಧ ಉತ್ತರವಿದೆ: ಕಾಲುವೆ ಹೋಗಿರುವುದೇ ನಮ್ಮ ಹೊಲದ ಮಗ್ಗುಲಲ್ಲಿ, ಮೊದಲ ಹಕ್ಕು ನಮ್ಮದು. ಹೀಗೆ ಹೇಳುವವರೇ ಸಂಜೆ ಕಟ್ಟೆಯ ಮೇಲೆ ಕೂತು, ಬೆಂಗಳೂರಿನವರು ನಮ್ಮ ಭಾಗಕ್ಕೆ ಏನೂ ಕೊಡಲಿಲ್ಲವೆಂದು ಬೈಯುವುದನ್ನೂ ಕೇಳಿದ್ದೇನೆ.